ಮಣ್ಣು ಯಾರನ್ನು ನಿರಾಕರಿಸಿತು?

ಮುಸ್ತಫಾ ಕೆಮಾಲ್ ಅತಾತುರ್ಕರ ಕುರಿತು ನಮ್ಮ ಸಮುದಾಯದಲ್ಲಿ ದಶಕಗಳಿಂದ ಚಲಾವಣೆಯಲ್ಲಿರುವ ಒಂದು ಕಥೆಯಿದೆ. ಖಿಲಾಫತನ್ನು ರದ್ದುಗೊಳಿಸಿದ, ಅರಬಿ ಅಝಾನನ್ನು ನಿಲ್ಲಿಸಿದ ಆ ಮನುಷ್ಯ ಮರಣ ಹೊಂದಿದಾಗ ಭೂಮಿಯು ಅವನ ದೇಹವನ್ನು ಸ್ವೀಕರಿಸಲಿಲ್ಲವಂತೆ. ಎಷ್ಟು ಸಲ ಹೂತರೂ ಮಣ್ಣು ಅದನ್ನು ಹೊರಗೆಸೆಯಿತಂತೆ. ಕೊನೆಗೆ ಬೇರೆ ದಾರಿಯಿಲ್ಲದೆ ಅಮೃತಶಿಲೆಯ ಬಂಡೆಗಳ ನಡುವೆ ಇರಿಸಿದರಂತೆ. ಬೇಸಿಗೆ ರಜೆಯ ರಾತ್ರಿಗಳಲ್ಲಿ ನಡೆಯುತ್ತಿದ್ದ ಧಾರ್ಮಿಕ ಪ್ರವಚನಗಳಲ್ಲಿ ಇದನ್ನು ಎಷ್ಟೋ ಬಾರಿ ಕೇಳಿದ್ದೇನೆ. ಪ್ರವಚನಕಾರರ ಧ್ವನಿ ಇಲ್ಲಿಗೆ ಬಂದಾಗ ಏರುತ್ತಿತ್ತು, ಸಭೆಯಿಂದ 'ಸುಬ್‌ಹಾನಲ್ಲಾಹ್' ಎಂಬ ಉದ್ಗಾರ ಹೊರಡುತ್ತಿತ್ತು. ಈಗ ಅದೇ ಕಥೆ ಹಿನ್ನೆಲೆ ಸಂಗೀತ ಹಾಗೂ ಭಯಾನಕ ಚಿತ್ರಗಳೊಂದಿಗೆ ಮೊಬೈಲಿನಲ್ಲಿ ಸಂಚರಿಸುತ್ತಿದೆ. ನವೆಂಬರ್ 10 ಹತ್ತಿರವಾದಂತೆ ಅದರ ಸಂಚಾರ ಹೆಚ್ಚುತ್ತದೆ.

ನಡೆದದ್ದು ಬೇರೆಯೇ. 1938ರ ನವೆಂಬರ್ 10ರಂದು ಬೆಳಗ್ಗೆ 9 ಗಂಟೆ 5 ನಿಮಿಷಕ್ಕೆ ಇಸ್ತಾಂಬೂಲಿನ ದೋಲ್ಮಬಾಹ್ಚೆ ಅರಮನೆಯಲ್ಲಿ ಅವರ ಪ್ರಾಣ ಹೋಯಿತು. ದೇಹ ಕೆಡದಂತೆ ವೈದ್ಯರು ಅದಕ್ಕೆ ಔಷಧ ಲೇಪಿಸಿದರು. ಜನಾಝಾ ನಮಾಝ್ ಬೇಕೇ ಬೇಡವೇ ಎಂಬ ವಿಷಯದಲ್ಲಿ ಅಧಿಕಾರಸ್ಥರು ಹಿಂದುಮುಂದು ನೋಡುತ್ತಿದ್ದಾಗ ಸಹೋದರಿ ಮಕ್ಬೂಲೆ ಪಟ್ಟು ಹಿಡಿದರು. ನವೆಂಬರ್ 19ರಂದು ಅರಮನೆಯೊಳಗೆ, ಕೆಲವೇ ಜನರ ಸಮ್ಮುಖದಲ್ಲಿ ನಮಾಝ್ ನಡೆಯಿತು. ನೇತೃತ್ವ ವಹಿಸಿದವರು ವಿದ್ವಾಂಸ ಶೆರಫೆತ್ತೀನ್ ಯಲ್ತ್‌ಕಾಯ. ತಕ್ಬೀರ್‌ಗಳನ್ನು ಮಾತ್ರ, ಅಂದಿನ ಸರಕಾರಿ ಪದ್ಧತಿಯಂತೆ, ತುರ್ಕಿ ಭಾಷೆಯಲ್ಲಿ ಹೇಳಲಾಯಿತು. ಅನಂತರ ದೇಹವನ್ನು ಅಂಕಾರಾಕ್ಕೆ ಒಯ್ದು ಅಲ್ಲಿನ ಜನಾಂಗ ಅಧ್ಯಯನದ ವಸ್ತುಸಂಗ್ರಹಾಲಯದಲ್ಲಿರಿಸಿದರು. ಭವ್ಯವಾದ ಸಮಾಧಿಯೊಂದನ್ನು ಕಟ್ಟುವವರೆಗೆ ಎಂಬ ಉದ್ದೇಶ. ವಿನ್ಯಾಸಕ್ಕೆ ಸ್ಪರ್ಧೆ ನಡೆಯಿತು, ನಡುವೆ ಮಹಾಯುದ್ಧ ಬಂತು, ಕಾಮಗಾರಿ ಆರಂಭವಾದದ್ದೇ 1944ರಲ್ಲಿ. ಅಂತೂ ಹದಿನೈದು ವರ್ಷಗಳ ಬಳಿಕ, 1953ರ ನವೆಂಬರ್ 10ರಂದು, ಅನಿತ್‌ಕಬಿರ್ ಎಂಬ ಆ ಸ್ಮಾರಕದಲ್ಲಿ ದಫನ ಮಾಡಿದರು. ಪ್ರವಾಸಿಗರು ಕಾಣುವ ಬೃಹತ್ ಶಿಲಾಪೆಟ್ಟಿಗೆ ಕೇವಲ ಸಾಂಕೇತಿಕವಾದದ್ದು. ಅದರ ಕೆಳಗಿನ ಕೋಣೆಯಲ್ಲಿ ದೇಹವನ್ನು ಮಣ್ಣಿಗೇ ಇಳಿಸಲಾಗಿದೆ. ದೇಶದ ಎಲ್ಲ ಪ್ರಾಂತ್ಯಗಳಿಂದ ತಂದ ಮಣ್ಣನ್ನು ಅಲ್ಲಿ ಸೇರಿಸಲಾಗಿದೆ.

ಅಂದರೆ ಮಣ್ಣು ಅವರನ್ನು ನಿರಾಕರಿಸಲಿಲ್ಲ. ಅವರನ್ನು ಪ್ರೀತಿಸಿದವರು ಹದಿನೈದು ವರ್ಷಗಳ ಕಾಲ ಅವರನ್ನು ಮಣ್ಣಿಗೆ ಕೊಡಲಿಲ್ಲ. ಮಯ್ಯಿತನ್ನು ತಡಮಾಡದೆ ದಫನ ಮಾಡಿರೆಂದು ಪ್ರವಾದಿ(ಸ) ಕಲಿಸಿದ ಸಮುದಾಯದ ದೃಷ್ಟಿಯಿಂದ ಇದು ವಿಷಾದಕ್ಕೆ ಕಾರಣವಾಗಬಹುದಾದ ಸಂಗತಿ. ಆದರೆ ಪವಾಡವೇನೂ ಅಲ್ಲ.

ಈ ಕಥೆ ಶೂನ್ಯದಿಂದ ಹುಟ್ಟಿದ್ದಲ್ಲ. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ವೀಡಿಯೊ ಬಂದಾಗ ನಾನು ಮೇಲಿನ ವಿವರಗಳನ್ನು ಬರೆದೆ. ನನ್ನ ಸೋದರಮಾವ ಕೂಡಲೇ ಕರೆ ಮಾಡಿದರು. ಅವರು ಮರದ ವ್ಯಾಪಾರ ಮಾಡಿ ವಿಶ್ರಾಂತರಾದವರು. ಐದು ಹೊತ್ತಿನ ನಮಾಝನ್ನು ಮಸೀದಿಯಲ್ಲೇ ನಿರ್ವಹಿಸುವವರು, ಓದಿಕೊಂಡವರು.

"ಮೋನೇ, ಭೂಮಿ ಹೊರಗೆಸೆಯುವುದು ಅಸಾಧ್ಯ ಎನ್ನುತ್ತೀಯಾ? ಬುಖಾರಿಯಲ್ಲಿ ಹದೀಸ್ ಇಲ್ಲವಾ?"

"ಅಸಾಧ್ಯ ಎನ್ನಲಿಲ್ಲ ಮಾಮ. ಹದೀಸ್ ಇದೆ. ಆದರೆ ಇವರ ವಿಷಯದಲ್ಲಿ ಅದು ನಡೆದಿಲ್ಲ."

"ನಡೆದಿಲ್ಲ ಎಂದು ನಿನಗೆ ಹೇಳಿದವರು ಯಾರು? ಅವರದೇ ಸರಕಾರ ತಾನೇ?"

ಮಾಮ ಹೇಳಿದ ಹದೀಸ್ ಅನಸ್(ರ) ಅವರ ವರದಿ. ಪ್ರವಾದಿಯವರಿಗಾಗಿ ಬರೆಯುತ್ತಿದ್ದ ಒಬ್ಬಾತ ಧರ್ಮ ತೊರೆದು ಅಪಪ್ರಚಾರಕ್ಕಿಳಿದು ಸತ್ತಾಗ ಭೂಮಿಯು ಅವನನ್ನು ಮತ್ತೆ ಮತ್ತೆ ಹೊರಹಾಕಿದ ಘಟನೆ. ಅದು ಕಂಡವರು ಹೇಳಿ, ವರದಿಗಾರರ ಸರಪಣಿಯನ್ನು ಶೋಧಿಸಿ ವಿದ್ವಾಂಸರು ದಾಖಲಿಸಿದ್ದು. ಅದೇ ಅಚ್ಚಿನಲ್ಲಿ ನಮಗೆ ಬೇಡವಾದ ಪ್ರತಿಯೊಬ್ಬನ ಅಂತ್ಯವನ್ನೂ ಎರಕ ಹೊಯ್ಯಲು ಅನುಮತಿ ಎಲ್ಲಿಂದ ಬಂತು?

ಇದೇ ವಿಷಯದ ಇನ್ನೊಂದು ವರದಿಯೂ ಇದೆ, ಇಬ್ನು ಮಾಜಃ ಸಂಗ್ರಹದಲ್ಲಿ. ಪ್ರವಚನಗಳಲ್ಲಿ ಅದು ಅಷ್ಟಾಗಿ ಕೇಳಿಬರುವುದಿಲ್ಲ. ಯುದ್ಧದಲ್ಲಿ ಎದುರಾಳಿಯೊಬ್ಬ ಶಹಾದತ್ ಉಚ್ಚರಿಸಿದ ಬಳಿಕವೂ ಅವನನ್ನು ಕೊಂದ ಮುಸ್ಲಿಮನೊಬ್ಬನ ಕುರಿತಾದ ವರದಿ ಅದು. ಅವನು ಬಾಯಲ್ಲಿ ಹೇಳಿದ, ಹೃದಯದಲ್ಲಿ ಇರಲಿಲ್ಲ ಎಂಬುದು ಕೊಂದವನ ಸಮರ್ಥನೆಯಾಗಿತ್ತು. ಹೃದಯವನ್ನು ಸೀಳಿ ನೋಡಿದೆಯಾ ಎಂಬ ಅರ್ಥದ ಪ್ರಶ್ನೆ ಅವನಿಗೆ ಎದುರಾಯಿತು. ಆತ ಸತ್ತಾಗ ಭೂಮಿ ಅವನ ದೇಹವನ್ನು ಹೊರಹಾಕಿತು. ಪ್ರವಾದಿ(ಸ) ನೀಡಿದ ವಿವರಣೆಯ ಸಾರವೇನೆಂದರೆ, ಈತನಿಗಿಂತ ಕೆಟ್ಟವರನ್ನೂ ಭೂಮಿ ಸ್ವೀಕರಿಸುತ್ತದೆ, ಆದರೆ ಕಲಿಮಾದ ಪಾವಿತ್ರ್ಯ ಎಷ್ಟು ದೊಡ್ಡದೆಂದು ನಿಮಗೆ ತೋರಿಸಲು ಅಲ್ಲಾಹನು ಬಯಸಿದನು. ಇದನ್ನು ನಾನು ಮಾಮನಿಗೆ ಓದಿ ಹೇಳಿದೆ. ಕಲಿಮಾ ಹೇಳಿದವನ ಹೃದಯದ ಬಗ್ಗೆ ತೀರ್ಪು ಕೊಟ್ಟವನನ್ನು ಮಣ್ಣು ಹೊರಗೆಸೆದ ಘಟನೆ ಅದು. ಮಾಮ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ಹಾಗಾದರೆ ಆತ ಮಾಡಿದ್ದೆಲ್ಲ ಸರಿಯಾ?" ಎಂದರು.

ಹಾಗೆ ಯಾರೂ ಹೇಳಿರಲಿಲ್ಲ. ಆದರೆ ನಮ್ಮಲ್ಲಿ ಒಂದು ಸುಳ್ಳನ್ನು ಸುಳ್ಳೆಂದರೆ ಸಾಕು, ಎದುರು ಪಕ್ಷಕ್ಕೆ ಸೇರಿಸಿಬಿಡುತ್ತಾರೆ.

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಮಾಮನದಲ್ಲ. ಗುಂಪಿನ ಚರ್ಚೆಯನ್ನು ಓದಿದ ನನ್ನ ತಂಗಿಯ ಮಗಳು, ಪದವಿಯಲ್ಲಿ ಇತಿಹಾಸ ಓದುತ್ತಿರುವವಳು, ಮರುದಿನ ನನ್ನ ಬಳಿ ಬಂದು ಕೇಳಿದಳು. "ಮಾಮ, ಮದ್ರಸದಲ್ಲಿ ನಮಗೆ ಇದನ್ನು ಹದೀಸಿನ ಜೊತೆಗೇ ಹೇಳಿಕೊಟ್ಟಿದ್ದರು. ಇದು ಸುಳ್ಳಾದರೆ, ಅದರ ಜೊತೆ ಕಲಿತದ್ದರಲ್ಲಿ ಯಾವುದು ನಿಜ ಎಂದು ನಾನು ಹೇಗೆ ಗುರುತಿಸಲಿ?" ಅವಳು ವ್ಯಂಗ್ಯವಾಡುತ್ತಿರಲಿಲ್ಲ. ಅವಳ ಮುಖದಲ್ಲಿ ನಿಜವಾದ ಕಳವಳವಿತ್ತು. ಸತ್ಯಧರ್ಮದ ರಕ್ಷಣೆಗೆಂದು ಸುಳ್ಳನ್ನು ಕಾವಲಿಗಿಟ್ಟರೆ ಮೊದಲು ಏಟು ಬೀಳುವುದು ನಮ್ಮದೇ ಮಕ್ಕಳ ಈಮಾನಿಗೆ. ಸುದ್ದಿ ತಂದವನನ್ನು ನಂಬುವ ಮೊದಲು ವಿಚಾರಿಸಿಕೊಳ್ಳಿರೆಂಬ ಹುಜುರಾತ್ ಅಧ್ಯಾಯದ ಆದೇಶ ನಮ್ಮ ಮಿತ್ರರ ಸುದ್ದಿಗೆ ಮಾತ್ರ ಸೀಮಿತವಾದದ್ದಲ್ಲ.

ಇಸ್ತಾಂಬೂಲಿನಲ್ಲಿ ಸತ್ತವರ ಮೇಲೆ ಕರಾವಳಿಯ ಒಂದು ಕುಟುಂಬ ಇಷ್ಟೊಂದು ಕೋಪ ಇಟ್ಟುಕೊಳ್ಳಲು ಕಾರಣವೇನು? ಕಾರಣ ಇದೆ. ಅದು ಮೂಲತಃ ದ್ವೇಷವಲ್ಲ, ಮುರಿದ ಪ್ರೀತಿ. ಮೊದಲ ಮಹಾಯುದ್ಧದಲ್ಲಿ ಉಸ್ಮಾನಿಯಾ ಸಾಮ್ರಾಜ್ಯ ಸೋತಾಗ ಭಾರತದ ಮುಸ್ಲಿಮರು ತಮ್ಮದೇ ಮನೆ ಬಿದ್ದಂತೆ ತಲ್ಲಣಿಸಿದರು. 1919ರಲ್ಲಿ ಖಿಲಾಫತ್ ಚಳವಳಿ ಆರಂಭವಾಯಿತು. ಅಲಿ ಸಹೋದರರು ಊರೂರು ಸುತ್ತಿದರು. ಅವರ ತಾಯಿ ಬೀ ಅಮ್ಮಾ ವೃದ್ಧಾಪ್ಯದಲ್ಲಿ ಸಾರ್ವಜನಿಕ ವೇದಿಕೆ ಏರಿದರು. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಮತ್ತು ಮೌಲಾನಾ ಶೌಕತ್ ಅಲಿ ಜೊತೆಯಾಗಿ ಮಂಗಳೂರಿಗೆ ಬಂದರು, ಬೆಂಗಳೂರಿನಲ್ಲೂ ಮಾತಾಡಿದರು. ಖಿಲಾಫತ್ ಎಂಬ ಶಬ್ದ ನಮ್ಮ ಸೀಮೆಯ ಸಾಮಾನ್ಯ ಜನರ ಕಿವಿಗೆ ಬಿದ್ದದ್ದು ಹೀಗೆ. ಅಂದು ಅದೇ ಚಳವಳಿಯ ಜನ ಅನಟೋಲಿಯಾದಲ್ಲಿ ಹೋರಾಡುತ್ತಿದ್ದ ಮುಸ್ತಫಾ ಕೆಮಾಲರನ್ನು ಘಾಝಿ ಎಂದು ಕೊಂಡಾಡಿದರು, ಇಸ್ಲಾಮಿನ ಖಡ್ಗ ಎಂದರು. ಅವರ ಸೇನೆಯ ನೆರವಿಗೆ ನಿಧಿ ಸಂಗ್ರಹವಾಯಿತು. ಮಹಿಳೆಯರು ಬಳೆ, ಓಲೆಗಳನ್ನು ಬಿಚ್ಚಿ ಕೊಟ್ಟರು. ಮುಂಬೈಯ ಸಮಿತಿಯ ಲೆಕ್ಕಪತ್ರಗಳಲ್ಲೇ ಮುಂದೆ ದೊಡ್ಡ ಗೊಂದಲ ಕಾಣಿಸಿಕೊಂಡಿತೆಂಬುದು ಬೇರೆ ಮಾತು. ಅದನ್ನು ಪ್ರವಚನಕಾರರು ಹೇಳುವುದಿಲ್ಲ.

ಆ ಹಣದಲ್ಲಿ ಗಣನೀಯ ಭಾಗ ಅಂಕಾರಾ ತಲುಪಿತು. ಯುದ್ಧ ಮುಗಿದ ಮೇಲೆ ಉಳಿದದ್ದು ಮುಸ್ತಫಾ ಕೆಮಾಲರ ಕೈಯಲ್ಲಿತ್ತು. 1924ರ ಮಾರ್ಚ್ 3ರಂದು ಅಂಕಾರಾದ ಶಾಸನಸಭೆ ಖಿಲಾಫತನ್ನು ರದ್ದುಗೊಳಿಸಿತು. ಅದೇ ವರ್ಷದ ಆಗಸ್ಟ್ 26ರಂದು ತುರ್ಕಿಯೆ ಇಶ್ ಬಂಕಸಿ ಎಂಬ ಬ್ಯಾಂಕು ಸ್ಥಾಪನೆಯಾಯಿತು. ಅದಕ್ಕೆ ಮುಸ್ತಫಾ ಕೆಮಾಲರು ತೊಡಗಿಸಿದ ಎರಡೂವರೆ ಲಕ್ಷ ಲೀರಾ ಆರಂಭಿಕ ಬಂಡವಾಳ ಭಾರತದ ಮುಸ್ಲಿಮರ ಹಣದಿಂದ ಬಂದದ್ದೆಂದು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಖಿಲಾಫತನ್ನು ಉಳಿಸಲೆಂದು ಒಬ್ಬ ತಾಯಿ ಬಿಚ್ಚಿಕೊಟ್ಟ ಬಳೆ, ಖಿಲಾಫತ್ ಮುಗಿದ ಆರು ತಿಂಗಳೊಳಗೆ ಬಡ್ಡಿ ವ್ಯವಹಾರದ ಬ್ಯಾಂಕಿನ ಬಂಡವಾಳವಾಯಿತು. ಇದಕ್ಕಿಂತ ಕಹಿಯಾದ ಸಂಗತಿಯನ್ನು ಕಲ್ಪಿಸಿ ಕಟ್ಟಬೇಕೇ? ದೇಹವನ್ನು ಭೂಮಿ ಹೊರಗೆಸೆದ ಕಥೆಯನ್ನು ಹೇಳುವವರು ಈ ಬಳೆಯ ಕಥೆಯನ್ನು ಏಕೆ ಹೇಳುವುದಿಲ್ಲವೋ ತಿಳಿಯದು. ಪುರಾವೆಯಿರುವ ದೂರನ್ನು ಬಿಟ್ಟು ಪುರಾವೆಯಿಲ್ಲದ್ದನ್ನು ಹಿಡಿದುಕೊಂಡಿದ್ದೇವೆ.

ಆ ಅಮಾನತಿನ ವ್ಯಾಜ್ಯ ಇನ್ನೂ ಮುಗಿದಿಲ್ಲ. ಸಾಯುವ ಎರಡು ತಿಂಗಳ ಮೊದಲು ಬರೆದ ಉಯಿಲಿನಲ್ಲಿ ಅತಾತುರ್ಕರು ತಮ್ಮ ಬ್ಯಾಂಕ್ ಪಾಲನ್ನು ತಾವೇ ಕಟ್ಟಿದ ರಿಪಬ್ಲಿಕನ್ ಪೀಪಲ್ಸ್ ಪಕ್ಷಕ್ಕೆ ವಹಿಸಿದರು. ಅದರ ಆದಾಯದಿಂದ ಸಹೋದರಿ ಹಾಗೂ ದತ್ತುಪುತ್ರಿಯರಿಗೆ ಮಾಸಾಶನ ಸಲ್ಲಬೇಕು, ಉಳಿದದ್ದು ತುರ್ಕಿ ಭಾಷಾ ಸಂಸ್ಥೆಗೂ ಇತಿಹಾಸ ಸಂಸ್ಥೆಗೂ ಹೋಗಬೇಕು ಎಂದು ಬರೆದರು. ಇಂದಿಗೂ ಬ್ಯಾಂಕಿನ ಸುಮಾರು 28 ಶೇಕಡಾ ಪಾಲು ಆ ಪಕ್ಷದ ಹೆಸರಿನಲ್ಲಿದೆ. ಅದು ಸರಕಾರದ ಬೊಕ್ಕಸಕ್ಕೆ ಸೇರಬೇಕೆಂದು ಅಧ್ಯಕ್ಷ ಎರ್ದೋಗಾನ್ 2018ರಲ್ಲಿ ಒತ್ತಾಯಿಸಿದರು. ಈ ಜಗ್ಗಾಟದಲ್ಲಿ ಭಾರತದ ತಾಯಂದಿರನ್ನು ನೆನೆಯಬೇಕಾದವರು ನೆನೆದಂತೆ ಕಾಣಲಿಲ್ಲ.

ಈಗ ಮಾಮನ ಪ್ರಶ್ನೆಗೆ ಬರುತ್ತೇನೆ. ಆತ ಮಾಡಿದ್ದೆಲ್ಲ ಸರಿಯೇ? ಸರಿಯಲ್ಲದ್ದು ಬಹಳವಿದೆ. ಅದನ್ನು ಹೇಳುವಾಗ ನಾಲಗೆ ತಡವರಿಸಬೇಕಾಗಿಲ್ಲ. 1925ರ ಕೊನೆಯಲ್ಲಿ ಟೊಪ್ಪಿಗೆ ಶಾಸನ ಬಂತು, ಯುರೋಪಿಯನ್ ಹ್ಯಾಟ್ ಕಡ್ಡಾಯವಾಯಿತು. ಇಸ್ಕಿಲಿಪ್ಲಿ ಆತಿಫ್ ಎಂಬ ವಿದ್ವಾಂಸರು ಪಾಶ್ಚಾತ್ಯ ಅನುಕರಣೆಯ ವಿರುದ್ಧ ಕಿರುಪುಸ್ತಕವೊಂದನ್ನು ಬರೆದಿದ್ದರು. ಅದು ಪ್ರಕಟವಾದದ್ದು ಶಾಸನಕ್ಕಿಂತ ಮೊದಲು. ಆದರೂ 1926ರ ಫೆಬ್ರವರಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಒಂದು ಟೊಪ್ಪಿಗೆಗಾಗಿ ಒಬ್ಬ ಆಲಿಮರ ಕೊರಳು. ಸೂಫಿ ತಂಗುದಾಣಗಳಿಗೆ ಬೀಗ ಬಿತ್ತು. 1928ರಲ್ಲಿ ಅರಬಿ ಲಿಪಿ ಹೋಗಿ ಲ್ಯಾಟಿನ್ ಲಿಪಿ ಬಂತು. ಸಾಕ್ಷರತೆಗೆ ಅದರಿಂದ ಅನುಕೂಲವಾಯಿತೆಂದು ಹೇಳುವವರಿದ್ದಾರೆ, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಒಂದೇ ತಲೆಮಾರಿನಲ್ಲಿ ಮೊಮ್ಮಗ ತನ್ನ ಅಜ್ಜನ ಗೋರಿಕಲ್ಲಿನ ಮೇಲಿನ ಹೆಸರನ್ನು ಓದಲಾರದವನಾದ. ಕರಾವಳಿಯ ನಮಗೆ ಈ ನೋವು ತುಸು ಅರ್ಥವಾಗುತ್ತದೆ. ಅರಬಿ-ಮಲಯಾಳದಲ್ಲಿ ಅಚ್ಚಾದ ಅಜ್ಜಿಯರ ಕಿತಾಬುಗಳು ನಮ್ಮ ಮಾಳಿಗೆಗಳಲ್ಲಿ ಓದುವವರಿಲ್ಲದೆ ಕುಳಿತಿವೆ. ನಮ್ಮಲ್ಲಿ ಅದು ಕಾಲ ಸರಿದಂತೆ ಆದದ್ದು, ಅಲ್ಲಿ ಕೆಲವೇ ತಿಂಗಳಲ್ಲಿ ಆಜ್ಞೆಯಿಂದ ಆದದ್ದು.

ಅಝಾನಿನ ವಿಷಯ ಎಲ್ಲರಿಗೂ ಗೊತ್ತು. 1932ರಿಂದ ಮಿನಾರಗಳಲ್ಲಿ ತುರ್ಕಿ ಭಾಷೆಯ ಅಝಾನ್ ಮೊಳಗತೊಡಗಿತು. ಮುಂದೆ 1941ರಲ್ಲಿ, ಅಂದರೆ ಅತಾತುರ್ಕರ ನಿಧನಾನಂತರ, ಅರಬಿಯಲ್ಲಿ ಹೇಳುವುದಕ್ಕೆ ಶಿಕ್ಷೆಯನ್ನೂ ಗೊತ್ತುಪಡಿಸಲಾಯಿತು. 1950ರ ಜೂನ್‌ನಲ್ಲಿ, ರಮಝಾನ್ ಹೊಸ್ತಿಲಲ್ಲಿ, ಅದ್ನಾನ್ ಮೆಂದೆರೆಸ್ ಸರಕಾರ ಆ ನಿರ್ಬಂಧವನ್ನು ತೆಗೆಯಿತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಮಾಮನಿಗೆ ಸಮಾಧಾನವಾಗುತ್ತಿತ್ತು. ಆದರೆ ಒಂದು ಜನರ ಮೇಲಿನ ರೋಷ ನ್ಯಾಯದಿಂದ ನಮ್ಮನ್ನು ಸರಿಸಬಾರದೆಂದು ಮಾಇದಃ ಅಧ್ಯಾಯ ವಿಧಿಸುತ್ತದೆ. 1920ರ ಸೆವ್ರ್ ಒಪ್ಪಂದದ ನಕಾಶೆಯನ್ನು ಒಮ್ಮೆ ನೋಡಬೇಕು. ಅನಟೋಲಿಯಾವನ್ನು ಗ್ರೀಕರು, ಫ್ರೆಂಚರು, ಇಟಲಿಯವರು ಹಂಚಿಕೊಳ್ಳುವ ಏರ್ಪಾಡು ಅದು. ಅಂದಿನ ಖಲೀಫರ ಸರಕಾರವೇ ಅದಕ್ಕೆ ಸಹಿ ಹಾಕಿತ್ತು. 1921ರ ಸಕಾರ್ಯ ಯುದ್ಧ ಮತ್ತು ಮರುವರ್ಷದ ವಿಜಯ ಆ ನಕಾಶೆಯನ್ನು ಹರಿದು ಹಾಕಿದವು. ಯಾವ ಮಿನಾರಗಳ ಅಝಾನನ್ನು ಅವರ ಆಡಳಿತ ಬದಲಿಸಿತೋ ಆ ಮಿನಾರಗಳಲ್ಲಿ ಹಲವು ಉಳಿದದ್ದರಲ್ಲಿ ಅವರು ಮುನ್ನಡೆಸಿದ ಸೇನೆಯ ಪಾಲಿದೆ. ಎರಡೂ ನಿಜ. 1934ರಲ್ಲಿ ಟರ್ಕಿಯ ಮಹಿಳೆಯರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಮತದಾನದ ಹಕ್ಕು ದೊರೆಯಿತು. ಫ್ರಾನ್ಸಿನ ಮಹಿಳೆಯರು ಅದಕ್ಕಾಗಿ ಇನ್ನೂ ಹತ್ತು ವರ್ಷ ಕಾಯಬೇಕಾಯಿತು.

ಇನ್ನೊಂದು ವಿಷಯ ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ. 1925ರಲ್ಲಿ ಅದೇ ಅಂಕಾರಾದ ಶಾಸನಸಭೆ ಕುರ್‌ಆನಿನ ತುರ್ಕಿ ಅನುವಾದಕ್ಕೂ ವ್ಯಾಖ್ಯಾನಕ್ಕೂ ಹಣ ಮಂಜೂರು ಮಾಡಿತು. ವ್ಯಾಖ್ಯಾನ ಬರೆದವರು ಎಲ್ಮಲಿಲಿ ಹಮ್ದಿ ಯಾಝಿರ್. 1935ರಿಂದ ಸರಕಾರದ ಧಾರ್ಮಿಕ ವ್ಯವಹಾರಗಳ ಇಲಾಖೆಯೇ ಪ್ರಕಟಿಸಿದ ಆ ಸಂಪುಟಗಳನ್ನು ಇಂದಿಗೂ ತುರ್ಕಿ ಭಾಷೆಯ ಶ್ರೇಷ್ಠ ತಫ್ಸೀರ್ ಎಂದು ಧರ್ಮನಿಷ್ಠರೇ ಗೌರವಿಸುತ್ತಾರೆ. ಅನುವಾದದ ಹೊಣೆ ಬಿದ್ದದ್ದು ಕವಿ ಮೆಹ್ಮೆತ್ ಆಕಿಫ್ ಎರ್ಸೋಯ್ ಅವರ ಮೇಲೆ. ಟರ್ಕಿಯ ರಾಷ್ಟ್ರಗೀತೆಯನ್ನು ಬರೆದವರು ಅವರೇ. ಮನನೊಂದು ಈಜಿಪ್ಟಿಗೆ ಹೋಗಿ ನೆಲೆಸಿದ ಆಕಿಫ್ ಅಲ್ಲಿ ಅನುವಾದ ಮಾಡಿದರು. ಆದರೆ ನಮಾಝಿನಲ್ಲಿ ಕುರ್‌ಆನಿನ ಬದಲು ತಮ್ಮ ತುರ್ಕಿ ವಾಕ್ಯಗಳನ್ನು ಓದಿಸಿಬಿಟ್ಟಾರು ಎಂಬ ಭೀತಿಯಿಂದ ಅದನ್ನು ಸರಕಾರಕ್ಕೆ ಒಪ್ಪಿಸಲಿಲ್ಲ. ತಾನು ಮರಳಿ ಬಾರದಿದ್ದರೆ ಹಸ್ತಪ್ರತಿಯನ್ನು ಸುಟ್ಟುಬಿಡಿ ಎಂದು ಸ್ನೇಹಿತರಿಗೆ ಒಪ್ಪಿಸಿ ಇಸ್ತಾಂಬೂಲಿಗೆ ಬಂದರು. 1936ರ ಡಿಸೆಂಬರ್ 27ರಂದು ತೀರಿಕೊಂಡರು. ರಾಷ್ಟ್ರಗೀತೆ ಕೊಟ್ಟ ಕವಿಗೆ ಸರಕಾರಿ ಗೌರವ ಸಿಗಲಿಲ್ಲ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸುದ್ದಿ ತಿಳಿದು ಓಡಿ ಬಂದು, ಮಯ್ಯಿತ್ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಎದಿರ್ನೆಕಾಪಿ ಸ್ಮಶಾನಕ್ಕೆ ಒಯ್ದರು. ಒಬ್ಬ ಆಡಳಿತಗಾರನ ಬಗ್ಗೆ ತೀರ್ಪು ಕೊಡಲು ಕೂತವರು ಹಮ್ದಿ ಯಾಝಿರರ ಸಂಪುಟಗಳನ್ನೂ ಆಕಿಫರ ಸುಟ್ಟುಹೋದ ಹಸ್ತಪ್ರತಿಯನ್ನೂ ಒಟ್ಟಿಗೆ ಮುಂದಿಟ್ಟುಕೊಳ್ಳಬೇಕು.

ಸತ್ತವರನ್ನು ನಿಂದಿಸಬೇಡಿರೆಂಬ ಹದೀಸ್ ಇರುವಾಗ ಇದನ್ನೆಲ್ಲ ಹೇಳುವುದೇ ತಪ್ಪಲ್ಲವೇ ಎಂದು ತಂಗಿಯ ಮಗಳು ಕೇಳಿದಳು. ಆಯಿಶಾ(ರ) ವರದಿ ಮಾಡಿದ ಆ ಹದೀಸಿನ ಜೊತೆಗೆ ಬುಖಾರಿಯಲ್ಲೇ ಇನ್ನೊಂದಿದೆ. ಎರಡು ಜನಾಝಾಗಳು ಹಾದುಹೋದವು, ಒಂದನ್ನು ಜನರು ಹೊಗಳಿದರು, ಇನ್ನೊಂದನ್ನು ತೆಗಳಿದರು. ಪ್ರವಾದಿ(ಸ) ಅವರನ್ನು ತಡೆಯಲಿಲ್ಲ. ಜನರು ಭೂಮಿಯಲ್ಲಿ ಅಲ್ಲಾಹನ ಸಾಕ್ಷಿಗಳು ಎಂಬ ಅರ್ಥದ ಮಾತು ಹೇಳಿದರು. ವಿದ್ವಾಂಸರು ಈ ಎರಡನ್ನೂ ಬೇರೆ ಬೇರೆ ರೀತಿಯಲ್ಲಿ ಹೊಂದಿಸಿದ್ದಾರೆ. ನನಗೆ ಒಪ್ಪಿಗೆಯಾದದ್ದು ಇದು: ನಿಂದನೆ ಬೇರೆ, ಸಾಕ್ಷ್ಯ ಬೇರೆ. ಸಾರ್ವಜನಿಕ ಬದುಕಿನಲ್ಲಿ ಒಬ್ಬಾತ ಬಿಟ್ಟುಹೋದ ಕಾನೂನು, ಗಲ್ಲು, ಗೆಲುವು ಇವೆಲ್ಲ ಸಾಕ್ಷ್ಯಕ್ಕೆ ಒಳಪಟ್ಟವು. ಸಾಕ್ಷಿ ಹೇಳುವವನಿಗೆ ಮಾತ್ರ ಒಂದು ನಿಬಂಧನೆಯಿದೆ, ಕಾಣದ್ದನ್ನು ಕಂಡೆನೆನ್ನಬಾರದು.

ಅತಾತುರ್ಕರ ಅನುಯಾಯಿಗಳೂ ಈ ನಿಬಂಧನೆಯನ್ನು ಪಾಲಿಸಿದ್ದಾರೆ ಎನ್ನಲಾಗದು. ಪವಾಡಗಳನ್ನು ನಂಬದ, ವಿಜ್ಞಾನವೇ ದಾರಿದೀಪ ಎಂದ ನಾಯಕನ ಹೆಸರಿನಲ್ಲಿ ಅವರು ಒಂದು ಪವಾಡವನ್ನೇ ಕಂಡುಕೊಂಡಿದ್ದಾರೆ. ಟರ್ಕಿಯ ಈಶಾನ್ಯದ ಅರ್ದಹಾನ್ ಪ್ರಾಂತ್ಯದ ದಮಾಲ್ ಎಂಬಲ್ಲಿ ಜೂನ್-ಜುಲೈ ಸಂಜೆಗಳಲ್ಲಿ ಒಂದು ಬೆಟ್ಟದ ನೆರಳು ಎದುರಿನ ಇಳಿಜಾರಿನ ಮೇಲೆ ಬೀಳುತ್ತದೆ. ಅದು ಅತಾತುರ್ಕರ ಮುಖದ ಪಾರ್ಶ್ವನೋಟದಂತೆ ಕಾಣುತ್ತದೆಂದು ಜನ ಅಲ್ಲಿ ಸೇರಿ ಉತ್ಸವ ನಡೆಸುತ್ತಾರೆ. ಒಂದು ಕಡೆ ಮಣ್ಣು ನಿರಾಕರಿಸಿತೆನ್ನುವವರು, ಇನ್ನೊಂದು ಕಡೆ ಬೆಟ್ಟವೇ ಮುಖ ತೋರಿಸಿತೆನ್ನುವವರು. ಇಬ್ಬರಿಗೂ ಅವರು ಒಬ್ಬ ಸತ್ತ ದಾಸನಾಗಿ ಉಳಿಯುವುದು ಸಾಕಾಗಿಲ್ಲ.

1951ರ ಜುಲೈಯಲ್ಲಿ ಅತಾತುರ್ಕರ ಸ್ಮರಣೆಗೆ ಅವಮಾನ ಮಾಡುವುದನ್ನು ಅಪರಾಧವಾಗಿಸುವ 5816ನೇ ಕಾನೂನು ಬಂತು. ಅವರ ಪ್ರತಿಮೆಗಳನ್ನು ಒಡೆಯುವ ಘಟನೆಗಳು ನಡೆಯುತ್ತಿದ್ದ ಕಾಲವದು. ಆ ಕಾನೂನನ್ನು ತಂದದ್ದು, ಅರಬಿ ಅಝಾನನ್ನು ಮರಳಿ ತಂದ ಅದೇ ಮೆಂದೆರೆಸ್ ಸರಕಾರ. ಅನಿತ್‌ಕಬಿರ್ ದಫನದ ದಿನ ಪ್ರಧಾನಿಯಾಗಿದ್ದವರೂ ಮೆಂದೆರೆಸ್. ಎಂಟು ವರ್ಷಗಳ ಅನಂತರ, ಅತಾತುರ್ಕರ ಪರಂಪರೆಯ ರಕ್ಷಣೆಯ ಹೆಸರಿನಲ್ಲಿ ದಂಗೆಯೆದ್ದ ಸೇನೆ ಮೆಂದೆರೆಸರನ್ನು 1961ರ ಸೆಪ್ಟೆಂಬರ್ 17ರಂದು ಇಮ್ರಾಲಿ ದ್ವೀಪದಲ್ಲಿ ಗಲ್ಲಿಗೇರಿಸಿ ಅಲ್ಲೇ ಹೂತಿತು. ಆ ದೇಹ ಇಸ್ತಾಂಬೂಲಿನ ಗೌರವದ ಸಮಾಧಿಗೆ ಬಂದದ್ದು 1990ರಲ್ಲಿ. ಬದೀಉಝ್ಝಮಾನ್ ಸಈದ್ ನೂರ್ಸಿಯವರದು ಇನ್ನೂ ಬೇರೆ. 1960ರ ಮಾರ್ಚ್‌ನಲ್ಲಿ ಉರ್ಫಾದಲ್ಲಿ ಅವರ ದಫನವಾಯಿತು. ಜುಲೈಯಲ್ಲಿ ಸೈನಿಕರು ರಾತ್ರಿ ಬಂದು ಗೋರಿ ತೆರೆದು ದೇಹವನ್ನು ವಿಮಾನದಲ್ಲಿ ಒಯ್ದು ಗುಪ್ತಸ್ಥಳದಲ್ಲಿ ಹೂತರು. ನಿಜಕ್ಕೂ ಮಣ್ಣಿನಿಂದ ಹೊರತೆಗೆದ ದೇಹ ಯಾರದೆಂದು ಕೇಳಿದರೆ ಉತ್ತರ ಇಲ್ಲಿದೆ. ತೆಗೆದದ್ದು ಭೂಮಿಯಲ್ಲ, ಮನುಷ್ಯರು.

ಕಾಲಚಕ್ರ ಈಗ ಇನ್ನೊಂದು ಕಡೆಗೆ ತಿರುಗಿದೆ. 1934ರಲ್ಲಿ ವಸ್ತುಸಂಗ್ರಹಾಲಯವಾಗಿ ಮಾರ್ಪಟ್ಟಿದ್ದ ಆಯಾ ಸೋಫಿಯಾದಲ್ಲಿ 2020ರ ಜುಲೈ 24ರಂದು ಮತ್ತೆ ಜುಮಾ ನಡೆಯಿತು. ಧಾರ್ಮಿಕ ವ್ಯವಹಾರಗಳ ಮುಖ್ಯಸ್ಥರು ಖಡ್ಗ ಹಿಡಿದು ಮಿಂಬರ್ ಏರಿದರು. ವಕ್ಫ್ ಆಸ್ತಿಯನ್ನು ಮುಟ್ಟಿದವರಿಗೆ ಶಾಪ ತಟ್ಟುತ್ತದೆಂಬ ಅರ್ಥದ ಮಾತು ಖುತ್ಬಾದಲ್ಲಿ ಬಂತು. ಅದು ಅತಾತುರ್ಕರನ್ನು ಉದ್ದೇಶಿಸಿದ್ದೆಂದು ವಿರೋಧ ಪಕ್ಷದವರು ಕೆರಳಿದರು, ಹಾಗಲ್ಲವೆಂದು ಸ್ಪಷ್ಟನೆ ಬಂತು. ಆಯಾ ಸೋಫಿಯಾದಲ್ಲಿ ಸುಜೂದ್ ಮರಳಿದ್ದಕ್ಕೆ ನನ್ನ ಕಣ್ಣೂ ತೇವವಾಗಿತ್ತು. ಆದರೆ ಮೊದಲ ಜುಮಾದ ಮಿಂಬರಿನಿಂದ ಶಾಪದ ಪದ ಬರಬೇಕಾಗಿರಲಿಲ್ಲ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಅವರಿಗಾಗಿ ಮಗ್‌ಫಿರತ್ ಬೇಡಬಹುದೇ ಎಂಬುದು ಮಾಮನ ಕೊನೆಯ ಪ್ರಶ್ನೆಯಾಗಿತ್ತು. ಕೋಪದಿಂದ ಕೇಳಿದ್ದಲ್ಲ, ನಿಜವಾಗಿ ತಿಳಿಯಲು ಕೇಳಿದ್ದು. ಕಪಟವಿಶ್ವಾಸಿಗಳ ಮುಖಂಡ ಅಬ್ದುಲ್ಲಾ ಇಬ್ನು ಉಬಯ್ಯ್ ಸತ್ತಾಗ ಉಮರ್(ರ) ಬಲವಾಗಿ ವಿರೋಧಿಸಿದರೂ ಪ್ರವಾದಿ(ಸ) ತಮ್ಮ ಅಂಗಿಯನ್ನು ಕಫನಿಗೆ ಕೊಟ್ಟರು, ನಮಾಝನ್ನೂ ನಿರ್ವಹಿಸಿದರು. ಅನಂತರ ಅಂಥವರಿಗಾಗಿ ನಮಾಝ್ ನಿರ್ವಹಿಸಕೂಡದೆಂಬ ವಚನ ಅವತೀರ್ಣವಾಯಿತು. ಅಂಥವರು ಯಾರೆಂಬುದು ಪ್ರವಾದಿಯವರಿಗೆ ದಿವ್ಯಜ್ಞಾನದಿಂದ ತಿಳಿದಿತ್ತು. ನಮಗೆ ಆ ಜ್ಞಾನವಿಲ್ಲ. ಅತಾತುರ್ಕರ ಹೃದಯದಲ್ಲಿ ಕೊನೆಯ ಗಳಿಗೆಯಲ್ಲಿ ಏನಿತ್ತೆಂದು ಹೇಳಬಲ್ಲ ಸಾಕ್ಷಿ ಭೂಮಿಯ ಮೇಲಿಲ್ಲ. ದುಆ ಮಾಡಲೇಬೇಕೆಂದು ನಾನು ಮಾಮನಿಗೆ ಹೇಳಲಿಲ್ಲ. ಲಅನತ್ ಮಾಡಬೇಕಾಗಿಲ್ಲ ಎಂದೆ. ಅಷ್ಟಕ್ಕೆ ಅವರು ಒಪ್ಪಿದರು, ಅಥವಾ ಒಪ್ಪಿದಂತೆ ಸುಮ್ಮನಾದರು.

ಇನ್ನೊಂದು ದೇಹದ ವಿಷಯ ಹೇಳದೆ ಈ ಬರಹ ಪೂರ್ಣವಾಗದು. ಕೊನೆಯ ಖಲೀಫ ಎರಡನೇ ಅಬ್ದುಲ್ ಮಜೀದ್. 1924ರ ಮಾರ್ಚ್‌ನ ಆ ರಾತ್ರಿ ದೋಲ್ಮಬಾಹ್ಚೆ ಅರಮನೆಯಿಂದಲೇ ಅವರನ್ನು ಗಡೀಪಾರು ಮಾಡಲಾಯಿತು. ಮುಂದೆ ಅತಾತುರ್ಕರು ಪ್ರಾಣಬಿಟ್ಟದ್ದು ಅದೇ ಅರಮನೆಯಲ್ಲಿ. ಬರಿಗೈಯಲ್ಲಿ ಫ್ರಾನ್ಸ್ ಸೇರಿದ ಖಲೀಫರಿಗೆ ಹೈದರಾಬಾದಿನ ನಿಝಾಮರು ಮಾಸಾಶನ ಗೊತ್ತುಮಾಡಿದರು. ಬೀದರ್, ಗುಲ್ಬರ್ಗಾ, ರಾಯಚೂರು ಅಂದು ನಿಝಾಮರ ಸೀಮೆಯಲ್ಲೇ ಇದ್ದವು. ಆ ಮಾಸಾಶನದಲ್ಲಿ ಕನ್ನಡ ನೆಲದ ರೈತರ ಕಂದಾಯವೂ ಬೆರೆತಿತ್ತು. 1931ರಲ್ಲಿ ಖಲೀಫರ ಮಗಳು ದುರ್ರು ಶೆಹ್ವಾರ್ ನಿಝಾಮರ ಹಿರಿಯ ಮಗನನ್ನು ವಿವಾಹವಾಗಿ ಹೈದರಾಬಾದಿಗೆ ಬಂದರು.

ಖಲೀಫರು 1944ರ ಆಗಸ್ಟ್ 23ರಂದು ಪ್ಯಾರಿಸಿನಲ್ಲಿ ತೀರಿಕೊಂಡರು. ಜರ್ಮನರ ಹಿಡಿತದಿಂದ ಆ ನಗರ ಬಿಡುಗಡೆ ಹೊಂದುತ್ತಿದ್ದ, ಬೀದಿಗಳಲ್ಲಿ ಗುಂಡು ಹಾರುತ್ತಿದ್ದ ದಿನಗಳವು. ಹುಟ್ಟಿದ ನಗರದಲ್ಲಿ ಒಂದು ಕಬರ್ ಸಿಗಲೆಂದು ಮಗಳು ಟರ್ಕಿಯ ಸರಕಾರವನ್ನು ಬೇಡಿಕೊಂಡರು. ಒಪ್ಪಿಗೆ ಬರಲಿಲ್ಲ. ಸರಕಾರ ಬದಲಾದ ಮೇಲೂ ಬರಲಿಲ್ಲ. ಸುಮಾರು ಹತ್ತು ವರ್ಷ ಆ ದೇಹ ಪ್ಯಾರಿಸಿನ ದೊಡ್ಡ ಮಸೀದಿಯಲ್ಲಿ ಕಾದಿತ್ತು. ಒಂದು ಕಾಲಕ್ಕೆ, ಅಂದರೆ 1944ರಿಂದ 1953ರವರೆಗೆ, ಖಿಲಾಫತನ್ನು ಕಳೆದುಕೊಂಡವರ ದೇಹ ಪ್ಯಾರಿಸಿನಲ್ಲೂ ಅದನ್ನು ಕೊನೆಗಾಣಿಸಿದವರ ದೇಹ ಅಂಕಾರಾದಲ್ಲೂ ಮಣ್ಣು ಸೇರದೆ ಉಳಿದಿದ್ದವು. ಅತಾತುರ್ಕರನ್ನು ಅನಿತ್‌ಕಬಿರ್‌ನಲ್ಲಿ ದಫನ ಮಾಡಿದ ನಾಲ್ಕೂವರೆ ತಿಂಗಳಿಗೆ, 1954ರ ಮಾರ್ಚ್ ಕೊನೆಯಲ್ಲಿ, ಖಲೀಫರ ದೇಹವನ್ನು ಮದೀನಾಕ್ಕೆ ತಂದು ಜನ್ನತುಲ್ ಬಕೀಅ್‌ನಲ್ಲಿ ಮಣ್ಣು ಮಾಡಿದರು. ಉಮ್ರಾಕ್ಕೆ ಹೋದವರು ಫಜ್ರ್ ನಮಾಝಿನ ಬಳಿಕ ಅಲ್ಲಿಗೆ ಹೋಗಿ ಸಲಾಮ್ ಹೇಳುತ್ತಾರೆ. ಕಬರ್‌ಗಳ ಮೇಲೆ ಹೆಸರುಗಳಿಲ್ಲ. ತಲೆಯ ಕಡೆಗೆ ಒಂದೊಂದು ಕಲ್ಲು ಮಾತ್ರ ಇದೆ.